ಎರಡನೇ ಸಾಲಿನವರ ಆಟ

ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಥ್ರೋಬಾಲ್ ತಂಡ ಆರಿಸಿದ ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಬಿ ಟೀಮಿಗೆ ಯಾವತ್ತೂ ಮ್ಯಾಚೇ ಇರೋದಿಲ್ವಾ?” ಎ ತಂಡದವರು ಅಭ್ಯಾಸ ಮಾಡುವಾಗ ಚೆಂಡು ಹೆಕ್ಕಿ ಕೊಡುವುದಷ್ಟೇ ಬಿ ತಂಡದ ಕೆಲಸ. ಪಟ್ಟಿ ಬರೆದವಳು ನಾನೇ. “ಮುಂದಿನ ವರ್ಷ ನೋಡೋಣ” ಎಂದು ಜಾರಿಕೊಂಡೆ. ಮುಂದಿನ ವರ್ಷ ಅವಳು ಮೈದಾನಕ್ಕೇ ಬರಲಿಲ್ಲ. ಆಟದ ಪೀರಿಯಡ್ಡಿನಲ್ಲೂ ತರಗತಿಯಲ್ಲಿ ಕೂತು ನೋಟ್ಸ್ ಬರೆಯುತ್ತಿದ್ದಳು.

ಆ ಪ್ರಶ್ನೆ ಮತ್ತೆ ಚುಚ್ಚಿದ್ದು ಕಾರ್ಫ್‌ಬಾಲ್ ಎಂಬ ಆಟದ ಚರಿತ್ರೆ ಓದಿದಾಗ. ಅದನ್ನು ರೂಪಿಸಿದವರೂ ನಮ್ಮಂತೆ ಒಬ್ಬ ಮೇಷ್ಟ್ರು, ಆಮ್‌ಸ್ಟರ್‌ಡ್ಯಾಮಿನ ನಿಕೊ ಬ್ರೂಕ್‌ಹಾಯ್ಸನ್. 1902ರಲ್ಲಿ ತರಬೇತಿಗೆಂದು ಸ್ವೀಡನ್ನಿನ ನೇಸ್‌ಗೆ ಹೋದಾಗ ಅಲ್ಲಿ ಕಂಬದ ಬಳೆಯೊಳಗೆ ಚೆಂಡು ತೂರುವ ಆಟ ಕಂಡರು. ಊರಿಗೆ ಬಂದು ಬಳೆಯ ಜಾಗಕ್ಕೆ ಬುಟ್ಟಿ ಕಟ್ಟಿದರು. ಡಚ್ ಭಾಷೆಯಲ್ಲಿ ಕಾರ್ಫ್ ಎಂದರೆ ಬುಟ್ಟಿ.

ತಂಡದಲ್ಲಿ ನಾಲ್ವರು ಹುಡುಗರು, ನಾಲ್ವರು ಹುಡುಗಿಯರು. ಚೆಂಡು ಹಿಡಿದು ಓಡುವಂತಿಲ್ಲ, ಪಕ್ಕದವರಿಗೆ ಕೊಡಲೇಬೇಕು. ಹುಡುಗಿಯನ್ನು ಹುಡುಗಿಯೇ ತಡೆಯಬೇಕು, ಹುಡುಗನನ್ನು ಹುಡುಗನೇ. ಎರಡು ಗೋಲಾದ ಕೂಡಲೇ ದಾಳಿ ಮಾಡುತ್ತಿದ್ದವರು ಕಾವಲಿಗೆ ಬರುತ್ತಾರೆ, ಕಾವಲಿನವರು ದಾಳಿಗೆ. ಕೊನೆಯವರೆಗೂ ಬರೀ ಚೆಂಡು ಹೆಕ್ಕಿ ಕೊಡುವವರಾಗಿ ಯಾರೂ ಉಳಿಯುವಂತಿಲ್ಲ!

1920 ಮತ್ತು 1928ರ ಒಲಿಂಪಿಕ್ಸ್‌ನಲ್ಲಿ ಇದರ ಪ್ರದರ್ಶನ ನಡೆಯಿತು. 1933ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು, 1978ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆಯಿತು. 1995ರ ವಿಶ್ವ ಕೂಟ ನಮ್ಮ ದೆಹಲಿಯಲ್ಲೇ ನಡೆದಿದೆ. ಆಗ ತಾನೇ ಕೆಲಸಕ್ಕೆ ಸೇರಿದ್ದ ನನಗೆ ಅದರ ಸುಳಿವೇ ಇರಲಿಲ್ಲ.

ಆದರೆ ಇಷ್ಟು ಸಮಾನತೆಯ ಆಟದಲ್ಲೂ ದೇಶದೇಶಗಳ ನಡುವೆ ಸಮಾನತೆ ಇಲ್ಲ. 2023ರವರೆಗಿನ ವಿಶ್ವ ಕೂಟಗಳಲ್ಲಿ 1991ರದ್ದನ್ನು ಬೆಲ್ಜಿಯಂ ಗೆದ್ದಿತು. ಉಳಿದವೆಲ್ಲ ನೆದರ್‌ಲೆಂಡ್ಸ್ ಪಾಲು. ಹಾಗಾದರೆ ಮಿಕ್ಕವರು ಏನು ಮಾಡಬೇಕು? 1998ರಲ್ಲಿ ಪೋರ್ಚುಗಲ್ಲಿನಲ್ಲಿ ಯುರೋಪಿನ ಚಾಂಪಿಯನ್‌ಷಿಪ್ ಶುರುವಾಯಿತು. ಮುಂದೆ ಎರಡನೇ ಸಾಲಿನ ದೇಶಗಳಿಗೆಂದೇ ‘ಯುರೋಪಿಯನ್ ಬೌಲ್’ ಬಂತು, ಆಮೇಲೆ ಅದಕ್ಕೆ ‘ಬಿ ಚಾಂಪಿಯನ್‌ಷಿಪ್’ ಎಂಬ ಹೆಸರಾಯಿತು. ವೇಲ್ಸ್, ಗ್ರೀಸ್, ಇಟಲಿ, ಸ್ಲೊವಾಕಿಯಾದಂಥ ದೇಶಗಳು ಅಲ್ಲಿ ತಮ್ಮ ಸಮಬಲದವರೊಡನೆ ಆಡಿವೆ. ಚೆನ್ನಾಗಿ ಆಡಿದವರಿಗೆ ಮೇಲಿನ ಸಾಲಿಗೆ ಹೋಗುವ ದಾರಿಯೂ ಉಂಟು.

ಇದನ್ನು ಓದಿ ನನಗೆ ನಾಚಿಕೆಯಾಯಿತು. ಬಿ ಎನ್ನುವುದು ಅವಮಾನದ ಅಕ್ಷರವಲ್ಲ. ಬಿ ಎಂದು ಕರೆದು ಆಡಲು ಜಾಗ ಕೊಡದಿರುವುದೇ ಅವಮಾನ. ಅಷ್ಟು ವರ್ಷ ಪಾಠ ಹೇಳಿಯೂ ನನಗೆ ಈ ವ್ಯತ್ಯಾಸ ಹೊಳೆದಿರಲಿಲ್ಲ.

ಈಗ ಪ್ರತಿ ವರ್ಷ ದಸರಾ ರಜೆಗೆ ಮುಂಚೆ ಪಕ್ಕದೂರಿನ ಶಾಲೆಯ ಬಿ ತಂಡವನ್ನು ಕರೆಸುತ್ತೇವೆ. ಕಪ್ಪಿಲ್ಲ, ಸರ್ಟಿಫಿಕೇಟಿಲ್ಲ, ಆಟ ಮುಗಿದ ಮೇಲೆ ಮಂಡಕ್ಕಿ, ಪಾನಕ. ಸ್ಕೋರು ಮಾತ್ರ ನಾನೇ ಬರೆಯುತ್ತೇನೆ, ಪ್ರತಿಯೊಬ್ಬರ ಹೆಸರಿನ ಸಮೇತ. ಅಂದು ಕೇಳಿದ ಹುಡುಗಿ ಎಲ್ಲಿದ್ದಾಳೋ. ಅವಳ ಹೆಸರು ಆ ಪುಸ್ತಕದಲ್ಲಿಲ್ಲ.