ಚಿಲಿಯ ಆರ್ಪಿಯೆರಾ: ಬಟ್ಟೆಯ ಮೇಲಿನ ಚರಿತ್ರೆ

1973ರ ಸೆಪ್ಟೆಂಬರ್ 11ರಂದು ಚಿಲಿ ದೇಶದ ಚುನಾಯಿತ ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಅವರ ಸರ್ಕಾರವನ್ನು ಸೈನ್ಯವು ಉರುಳಿಸಿತು. ಜನರಲ್ ಆಗುಸ್ತೊ ಪಿನೊಶೆಯ ಆಳ್ವಿಕೆ ಆರಂಭವಾಗಿ, ರಾಜಧಾನಿ ಸಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣವೇ ಸೆರೆಮನೆಯಾಯಿತು. ಮರುವರ್ಷ ರಚಿತವಾದ ಡಿನಾ ಎಂಬ ಗುಪ್ತ ಪೊಲೀಸ್ ಸಂಸ್ಥೆ ಹಿಡಿದೊಯ್ದ ಅನೇಕರು ಮನೆಗೂ ಮರಳಲಿಲ್ಲ, ನ್ಯಾಯಾಲಯಕ್ಕೂ ಬರಲಿಲ್ಲ. ಅಂಥವರನ್ನು ಬಂಧಿಸಿಯೇ ಇಲ್ಲವೆಂದು ಪ್ರಭುತ್ವ ಹೇಳುತ್ತಿತ್ತು. ಬಂಧುಗಳಿಗೆ ಉತ್ತರಕ್ರಿಯೆ ಮಾಡುವ ಅವಕಾಶವೂ ಇರಲಿಲ್ಲ.

ಈ ಕಾಲದ ಚರಿತ್ರೆಯನ್ನು ದಾಖಲಿಸಿದವರಲ್ಲಿ ಸೂಜಿ ಹಿಡಿದ ಮಹಿಳೆಯರೂ ಸೇರುತ್ತಾರೆ. 1974ರ ಸುಮಾರಿಗೆ ಚರ್ಚಿನ ಆಶ್ರಯದಲ್ಲಿ, ಮುಂದೆ 1976ರಿಂದ ಕಾರ್ಡಿನಲ್ ರೌಲ್ ಸಿಲ್ವಾ ಎನ್ರಿಕೆಸ್ ಅವರು ಸ್ಥಾಪಿಸಿದ ವಿಕಾರಿಯಾ ದೆ ಲಾ ಸೊಲಿದಾರಿದಾದ್ ಸಂಸ್ಥೆಯ ನೆರವಿನಲ್ಲಿ, ಕಣ್ಮರೆಯಾದವರ ತಾಯಂದಿರೂ ಪತ್ನಿಯರೂ ಹೊಲಿದ ಚಿತ್ರಪಟಗಳಿಗೆ ಆರ್ಪಿಯೆರಾ ಎಂದು ಹೆಸರು. ಆ ಪದದ ಮೂಲಾರ್ಥ ಗೋಣಿಬಟ್ಟೆ. ನಮ್ಮ ಕೌದಿಯಂತೆ ಇಲ್ಲಿಯೂ ಹಳೆಯ ಬಟ್ಟೆಯ ಚೂರುಗಳೇ ಸಾಮಗ್ರಿ. ಕೆಲವೊಮ್ಮೆ ಅವು ಕಾಣೆಯಾದವನ ಅಂಗಿಯವೇ ಆಗಿರುತ್ತಿದ್ದವು. ಮೇಲ್ಭಾಗದಲ್ಲಿ ಆಂಡಿಸ್ ಪರ್ವತ, ಸೂರ್ಯ. ಕೆಳಗೆ ಮುಚ್ಚಿದ ಕಾರ್ಖಾನೆ, ಸಾಮೂಹಿಕ ಅಡುಗೆಯ ಹಂಡೆ, ಮನುಷ್ಯನನ್ನು ಎಳೆದೊಯ್ಯುವ ಪೊಲೀಸರು, 'ಎಲ್ಲಿದ್ದಾರೆ?' ಎಂಬ ಪ್ರಶ್ನೆ. ಪಟದ ಹಿಂಬದಿಯ ಪುಟ್ಟ ಜೇಬಿನಲ್ಲಿ ಕೆಲವರು ಚೀಟಿ ಬರೆದಿಡುತ್ತಿದ್ದರು. ಚರ್ಚಿನ ಮೂಲಕ ಹೊರದೇಶಗಳನ್ನು ತಲುಪಿದ ಈ ಪಟಗಳು ಹೊಲಿದವರಿಗೆ ಅಷ್ಟಿಷ್ಟು ಗಳಿಕೆಯನ್ನೂ ತಂದವು. ಮಾರಾಟಕ್ಕೆ ಹೊಲಿದದ್ದು ಜಾನಪದವೇ ಎಂಬ ಆಕ್ಷೇಪ ಬರಬಹುದು. ದುಡಿಯುವವನೇ ಇಲ್ಲವಾದ ಮನೆಯಲ್ಲಿ ಹಸಿವನ್ನೂ ಸಾಕ್ಷ್ಯವನ್ನೂ ಬೇರ್ಪಡಿಸುವುದು ಸಾಧ್ಯವಿರಲಿಲ್ಲ ಎಂಬುದನ್ನು ಆ ಆಕ್ಷೇಪ ಮರೆಯುತ್ತದೆ.

ಕ್ವೇಕಾ ನೃತ್ಯದ ನಿದರ್ಶನ ಇನ್ನೂ ಮಾರ್ಮಿಕವಾದುದು. ಗಂಡುಹೆಣ್ಣು ಕರವಸ್ತ್ರ ಬೀಸುತ್ತ ಜೋಡಿಯಾಗಿ ಕುಣಿಯುವ ಈ ಜನಪದ ನೃತ್ಯವನ್ನು 1979ರಲ್ಲಿ ಪಿನೊಶೆ ಸರ್ಕಾರ ರಾಷ್ಟ್ರೀಯ ನೃತ್ಯವೆಂದು ಘೋಷಿಸಿತು. ಅದಕ್ಕೆ ಮೊದಲೇ, 1978ರ ಮಹಿಳಾ ದಿನದಂದು, ಕಾಣೆಯಾದವರ ಬಂಧುಗಳ ಸಂಘದ ಹೆಂಗಸರು ಅದನ್ನು ಜೊತೆಗಾರನಿಲ್ಲದೆ ಕುಣಿದಿದ್ದರು. ಎದೆಯ ಮೇಲೆ ಕಾಣೆಯಾದವನ ಭಾವಚಿತ್ರ. ಎದುರಿಗೆ ಖಾಲಿ ಜಾಗ. ಜಾನಪದವನ್ನು ರಾಷ್ಟ್ರೀಯ ಹೆಮ್ಮೆಯೆಂದಷ್ಟೇ ಬಗೆಯುವ ಅಧ್ಯಯನಗಳು ಈ ಖಾಲಿ ಜಾಗವನ್ನು ವಿವರಿಸಲಾರವು.

1978ರ ಏಪ್ರಿಲ್‌ನಲ್ಲಿ ಸರ್ಕಾರ ತನ್ನವರ ಅಪರಾಧಗಳಿಗೂ ಅನ್ವಯಿಸುವ ಕ್ಷಮಾದಾನದ ಶಾಸನವನ್ನು ತಂದಿತು. ಅದೇ ವರ್ಷದ ಕೊನೆಗೆ ಲೊಂಕೆನ್ ಎಂಬಲ್ಲಿನ ಸುಣ್ಣದ ಗೂಡುಗಳಲ್ಲಿ 15 ಮಂದಿಯ ಅವಶೇಷಗಳು ದೊರೆತವು. 1990ರಲ್ಲಿ ಪಿನೊಶೆ ಅಧ್ಯಕ್ಷಸ್ಥಾನ ತೊರೆದ ಮೇಲೆ ನೇಮಕಗೊಂಡ ಆಯೋಗಗಳು ಮೂರು ಸಾವಿರಕ್ಕೂ ಹೆಚ್ಚು ಜನರ ಕೊಲೆ ಮತ್ತು ಕಣ್ಮರೆಗಳನ್ನು ದಾಖಲಿಸಿದವು. ಪತ್ತೆಯಾಗದೆ ಉಳಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹುಡುಕುವ ರಾಷ್ಟ್ರೀಯ ಯೋಜನೆಯನ್ನು ಚಿಲಿ ಸರ್ಕಾರ ಪ್ರಕಟಿಸಿದ್ದು 2023ರಲ್ಲಿ, ಸೈನಿಕ ಕ್ಷಿಪ್ರಕ್ರಾಂತಿ ನಡೆದ ಐವತ್ತನೆಯ ವರ್ಷ.