ಹಲ್ಲಿನ ಲ್ಯಾಬಿನಿಂದ ಬಂದ ಕಣ್ಣು

ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ರೆಡ್ ಹಿಲ್ಸ್ ಕಡೆ ಹೊರಟರೆ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಸಿಗುತ್ತದೆ. ಮೆಹದಿ ನವಾಜ್ ಜಂಗ್ ಹೆಸರಿನ ಈ ಆಸ್ಪತ್ರೆ ಶುರುವಾದದ್ದು 1955ರಲ್ಲಿ. ಆಗ ಬೀದರ್, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮರುವರ್ಷ ಗಡಿ ಬದಲಾಯಿತು. ದೊಡ್ಡ ಕಾಯಿಲೆ ಬಂದರೆ ಆ ಕಡೆಯ ಜನ ಹೈದರಾಬಾದಿನ ದಾರಿ ಹಿಡಿಯುವುದು ಮಾತ್ರ ಇವತ್ತಿಗೂ ನಿಂತಿಲ್ಲ.

ಅಂಥ ಕಾಯಿಲೆಗಳಲ್ಲಿ ಒಂದು ರೆಟಿನೋಬ್ಲಾಸ್ಟೋಮಾ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳ ಕಣ್ಣಿಗೆ ಬರುವ ಕ್ಯಾನ್ಸರ್ ಇದು. ಪಾಪೆಯಲ್ಲಿ ಬೆಳ್ಳಗಿನ ಹೊಳಪು ಕಂಡರೆ ಕೂಡಲೇ ತೋರಿಸಬೇಕು. ತಡವಾದರೆ ಜೀವ ಉಳಿಸಲು ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಆ ಖಾಲಿ ಗೂಡಿಗೆ ಏನು?

ಎರಡನೇ ಮಹಾಯುದ್ಧದವರೆಗೆ ಕೃತಕ ಕಣ್ಣೆಂದರೆ ಗಾಜು, ಅದರಲ್ಲೂ ಜರ್ಮನಿಯ ಲೌಶಾ ಊರಿನ ಗಾಜು ಊದುವವರ ಕೈಕೆಲಸ. ಯುದ್ಧ ಶುರುವಾಗಿ ಅಮೆರಿಕಕ್ಕೆ ಆ ಸರಕು ನಿಂತಿತು. ಗಾಯಗೊಂಡ ಸೈನಿಕರು ಸಾಲುಗಟ್ಟಿದ್ದರು. ದಾರಿ ಹುಡುಕಿದವರು ಸೇನೆಯ ಹಲ್ಲಿನ ವಿಭಾಗದವರು! ಹಲ್ಲುಸೆಟ್ಟಿಗೆ 1930ರ ದಶಕದ ಕೊನೆಯಿಂದ ಬಳಸುತ್ತಿದ್ದ ಅಕ್ರಿಲಿಕ್‌ನಲ್ಲೇ ಕಣ್ಣು ಮಾಡಿದರು. ಬಾಯಿಯ ಅಚ್ಚು ತೆಗೆದಂತೆ ಕಣ್ಣಿನ ಗೂಡಿನ ಅಚ್ಚು, ಮೇಣದಲ್ಲಿ ಆಕಾರ, ಕೊನೆಗೆ ಇನ್ನೊಂದು ಕಣ್ಣನ್ನು ನೋಡಿಕೊಂಡು ಬಣ್ಣ. ಬಿದ್ದರೆ ಗಾಜಿನಂತೆ ಚೂರಾಗುವುದಿಲ್ಲ. ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಡೆಂಟಲ್ ಕಾಲೇಜುಗಳಲ್ಲಿ ಹಲ್ಲಿನ ಜೊತೆಗೆ ಕಣ್ಣು, ಕಿವಿ, ಮೂಗನ್ನೂ ಮಾಡಿಕೊಡುವುದು ಈ ನಂಟಿನಿಂದಲೇ.

ಆದರೆ ಮಗುವಿನ ಮುಖ ಬೆಳೆಯುತ್ತದೆ. ನಮ್ಮ ಪ್ರಾಜೆಕ್ಟುಗಳ ಹಾಗೆ ಒಮ್ಮೆ ಡೆಲಿವರಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಗೂಡು ದೊಡ್ಡದಾದಂತೆ ಕಣ್ಣನ್ನೂ ಬದಲಿಸಬೇಕು. ಹಿಂದಿನ ತಲೆಮಾರಿಗೆ ಕೊಟ್ಟ ವಿಕಿರಣ ಎಷ್ಟೋ ಜೀವ ಉಳಿಸಿತು, ನಿಜ. ಆದರೆ ಅದು ತಾಗಿದ ಕಡೆ ಮೂಳೆಯ ಬೆಳವಣಿಗೆ ಕುಂಠಿತವಾಗಿ ಕೆನ್ನೆ, ಕಣತಲೆ ತಗ್ಗಿದವು. ದವಡೆಗೆ ತಾಗಿದರೆ ಹಲ್ಲಿನ ಬೇರುಗಳೂ ಮೊಟಕಾದವು. ಕಣ್ಣಿಗಾಗಿ ಹಲ್ಲಿನ ಡಾಕ್ಟರ ಬಳಿ ಹೋದ ಮಗು ದೊಡ್ಡದಾದ ಮೇಲೆ ಹಲ್ಲಿಗಾಗಿಯೂ ಅಲ್ಲಿಗೇ ಹೋಗಬೇಕಾಯಿತು.

1990ರ ದಶಕದಲ್ಲಿ ಕೀಮೋಥೆರಪಿ ಮುಂದೆ ಬಂದು ಹೊರಗಿನಿಂದ ಕೊಡುವ ವಿಕಿರಣ ಕಡಿಮೆಯಾಯಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಈ ಕಾಯಿಲೆಯ ಮೇಲೆ ಕೆಲಸ ಮಾಡಿದ ಡಾ. ಸಂತೋಷ್ ಹೊನಾವರ್ ಅವರಿಗೆ 2009ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು.

ಕಣ್ಣು ಕೂಡಿಸಿದ ದಿನ ಅದನ್ನು ತೆಗೆಯುವುದು, ತೊಳೆಯುವುದು, ಮತ್ತೆ ಹಾಕುವುದನ್ನು ಅಮ್ಮನಿಗೆ ಕಲಿಸುತ್ತಾರೆ. ಜೊತೆಗೆ ಗಟ್ಟಿ ಪಾಲಿಕಾರ್ಬೊನೇಟ್ ಗಾಜಿನ ಒಂದು ಕನ್ನಡಕವನ್ನೂ ಬರೆದುಕೊಡುತ್ತಾರೆ. ನಂಬರ್ ಇಲ್ಲದಿದ್ದರೂ ಸರಿ, ಉಳಿದ ಒಂದು ಕಣ್ಣಿಗೆ ಆಟದಲ್ಲಿ ಚೆಂಡು ತಾಗಬಾರದಲ್ಲ.