ಜಲಕೃಷಿಯಲ್ಲಿ ಸೊಪ್ಪು ತರಕಾರಿಗಳಿಗೆ ಕೃತಕ ಬೆಳಕು

ಮುಚ್ಚಿದ ಕೊಠಡಿಯಲ್ಲಿ ಮಣ್ಣಿಲ್ಲದೆ ಲೆಟ್ಯೂಸ್ ಬೆಳೆಯಲು ಇಚ್ಛಿಸುವ ರೈತರು ದೀಪ ಕೊಳ್ಳುವ ಮೊದಲು ವಿದ್ಯುತ್ ವೆಚ್ಚವನ್ನು ಲೆಕ್ಕ ಹಾಕತಕ್ಕದ್ದು. ಈ ಬೆಳೆಗೆ ಎಲೆಗಳ ಮಟ್ಟದಲ್ಲಿ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 200-250 ಮೈಕ್ರೋಮೋಲ್ ಬೆಳಕು, ದಿನಕ್ಕೆ 16 ಗಂಟೆ ದೊರೆತರೆ ಸಾಕು. ಉತ್ತಮ ಎಲ್‌ಇಡಿ ದೀಪಗಳು ಇದಕ್ಕಾಗಿ ಚದರ ಮೀಟರಿಗೆ ಸುಮಾರು 100 ವ್ಯಾಟ್ ಬಳಸುತ್ತವೆ. ಅಂದರೆ ದಿನಕ್ಕೆ 1.6 ಯೂನಿಟ್, 30 ದಿನಗಳಿಗೆ 48 ಯೂನಿಟ್. ಕೊಠಡಿಯನ್ನು ತಂಪಾಗಿಡುವ ಖರ್ಚು ಬೇರೆ. ಈ ಮೊತ್ತವನ್ನು ಅಷ್ಟೇ ಜಾಗದ ಇಳುವರಿಯ ಬೆಲೆಯೊಡನೆ ಹೋಲಿಸಿರಿ.

ಲಕ್ಸ್ ಮೀಟರ್ ನಮ್ಮ ಕಣ್ಣಿಗೆ ತೋರುವ ಪ್ರಖರತೆಯನ್ನು ಅಳೆಯುತ್ತದೆ. ಕೆಂಪು-ನೀಲಿ ದೀಪಗಳಿಗೆ ಅದನ್ನು ನಂಬಬಾರದು. ಎಳೆಯ ಎಲೆಗಳ ಅಂಚು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿದರೆ ಅಲ್ಲಿಗೆ ಕ್ಯಾಲ್ಸಿಯಂ ಸಾಕಷ್ಟು ತಲುಪುತ್ತಿಲ್ಲವೆಂದು ತಿಳಿಯಿರಿ. ಬೆಳಕನ್ನು ತಗ್ಗಿಸಿ, ಫ್ಯಾನಿನಿಂದ ಗಾಳಿಯಾಡಿಸಿರಿ. ದಂಟು, ಪಾಲಕ್‌ನಂತಹ ಅಗ್ಗದ ಸೊಪ್ಪುಗಳಿಗೆ ನೆರಳುಪರದೆಯೊಳಗಿನ ಬಿಸಿಲೇ ಲಾಭದಾಯಕ.